ಕೆಂಪು ಪಟ್ಟಿ ಬಳಿದ ಮರಗಳು

ನಿನ್ನೆ ಬೆಳಗ್ಗೆ ಮೇಸ್ತ್ರಿಯೂ ನಾನೂ ಒಂದು ಡಬ್ಬ ಕೆಂಪು ಪೇಂಟ್ ಹಿಡಿದು ತೋಟಕ್ಕೆ ಇಳಿದೆವು. ಕಾಫಿ ಕೊಯ್ಲು ಮುಗಿಯುತ್ತಾ ಬಂದಿದೆ. ಇನ್ನು ಹತ್ತು ದಿನಕ್ಕೆ ಮೆಣಸು ಶುರು. ಏಣಿಗಳು ಹೊರಗೆ ಬರುವ ಮೊದಲು ಈ ಒಂದು ಸುತ್ತು ಆಗಲೇಬೇಕು. ಏಳು ವರ್ಷದಿಂದ ಒಮ್ಮೆಯೂ ತಪ್ಪಿಸಿಲ್ಲ.

ನಮ್ಮದು ಕೊಡಗಿನ ಸುಂಟಿಕೊಪ್ಪ ಕಡೆ 18 ಎಕರೆ ತೋಟ. ಜಾಸ್ತಿ ರೋಬಸ್ಟಾ. ಸಿಲ್ವರ್ ಓಕ್‌ಗೂ ಹಾಲುವಾಣಕ್ಕೂ ಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ತೋಟದ ನಡುವೆಯೇ 11 ಕೆ.ವಿ. (11,000 ವೋಲ್ಟ್) ಕರೆಂಟ್ ಲೈನ್ ಹಾದು ಹೋಗಿದೆ. ಕೊಡಗಿನಲ್ಲಿ ತೋಟ ಇರುವವರಿಗೆ ಇದು ಹೊಸದಲ್ಲ. ಹುಟ್ಟಿದಾಗಿನಿಂದ ನೋಡಿದ ತಂತಿ ಕಣ್ಣಿಗೆ ಬೀಳುವುದೇ ಇಲ್ಲ. ನನಗೂ ಬೀಳುತ್ತಿರಲಿಲ್ಲ.

ಏಳು ವರ್ಷದ ಹಿಂದೆ, ಫೆಬ್ರವರಿಯ ಒಂದು ಮಧ್ಯಾಹ್ನ. ಮೆಣಸು ಕೊಯ್ಲನ್ನು ಕೆ.ಜಿ. ಲೆಕ್ಕದಲ್ಲಿ ಗುತ್ತಿಗೆ ಕೊಟ್ಟಿದ್ದೆ. ಇಬ್ಬರು ಹುಡುಗರು ಒಂದು ಮರ ಮುಗಿಸಿದರು. ಪಕ್ಕದ ಮರಕ್ಕೆ ಹೋಗಲು ಏಣಿಯನ್ನು ಮಲಗಿಸಲಿಲ್ಲ. ಮಲಗಿಸಿ, ಮತ್ತೆ ಎತ್ತಿ ನಿಲ್ಲಿಸಲು ಹೊತ್ತು ಹಿಡಿಯುತ್ತದೆ ಅಲ್ವಾ? ನಿಂತ ಏಣಿಯನ್ನು ಹಾಗೇ ಎತ್ತಿಕೊಂಡು ನಾಲ್ಕು ಹೆಜ್ಜೆ ಹಾಕಿದರು. ಏಣಿ 30 ಅಡಿಯದು, ಅಲ್ಯೂಮಿನಿಯಂ. ತಂತಿ ಅಷ್ಟು ಎತ್ತರದಲ್ಲಿ ಇರಲಿಲ್ಲ.

ಒಬ್ಬ ಆ ಹೊತ್ತಿಗೆ ಏಣಿಯಿಂದ ಕೈ ತೆಗೆದಿದ್ದ. ಅವನಿಗೆ ಏನೂ ಆಗಲಿಲ್ಲ. ಇನ್ನೊಬ್ಬನನ್ನು ಕರೆಂಟ್ ಎತ್ತಿ ಎಸೆಯಿತು. ಬಲಗೈಯ ಎರಡು ಬೆರಳು ಹೋದವು. ಎಡಗಾಲಿನ ಅಂಗಾಲು ಸುಟ್ಟಿತು. ಜೀವ ಉಳಿಯಿತು. ಆ ಜಾಗದಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. 108ಕ್ಕೆ ಫೋನ್ ಮಾಡಲು ಒಬ್ಬರು ಕಣದವರೆಗೆ ಗುಡ್ಡ ಹತ್ತಿ ಓಡಬೇಕಾಯಿತು. ಆ ಓಟದ ಹೊತ್ತು ನನಗೆ ಈಗಲೂ ನೆನಪಿದೆ.

ಆ ವಾರ ನನಗೆ ಬಂದ ಬುದ್ಧಿಮಾತುಗಳಲ್ಲಿ ಹೆಚ್ಚಿನವು ಒಂದೇ ಥರ ಇದ್ದವು. "ಅವನು ನಿಮ್ಮ ಆಳಲ್ಲ, ಗುತ್ತಿಗೆಯವನ ಆಳು. ನೀವು ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ?" ನಾನೂ ಎರಡು ದಿನ ಆ ಮಾತನ್ನು ಹಿಡಿದುಕೊಂಡೆ. ಆಮೇಲೆ ಮಡಿಕೇರಿಯಲ್ಲಿ ಒಬ್ಬ ವಕೀಲರ ಮುಂದೆ ಕುಳಿತೆ. ಅವರು 1923ರ ಪರಿಹಾರ ಕಾಯ್ದೆಯನ್ನು ತೆರೆದು ತೋರಿಸಿದರು. ನಮ್ಮ ಕಸುಬಿನ ಕೆಲಸವನ್ನು ನಮ್ಮ ಜಾಗದಲ್ಲಿ ಗುತ್ತಿಗೆಗೆ ಕೊಟ್ಟರೂ ಪರಿಹಾರದ ಹೊಣೆ ನಮ್ಮ ಮೇಲೆಯೇ ಬರುತ್ತದೆ. ನಾವು ಕೊಟ್ಟದ್ದನ್ನು ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬಹುದು, ಅಷ್ಟೇ. ಅದೇ ಕಾಯ್ದೆಯ ಕೊನೆಯಲ್ಲಿ ಒಂದು ಪಟ್ಟಿ ಇತ್ತು. ಒಂದು ಕೈಯ ಎರಡು ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇಕಡಾ 20 ನಷ್ಟ ಎಂದು ಅದರಲ್ಲಿ ಅಚ್ಚಾಗಿತ್ತು. ಆ ಸಾಲು ಓದಿದ ಮೇಲೆ ಗುತ್ತಿಗೆಯ ಮಾತು ನನ್ನ ಬಾಯಲ್ಲಿ ಬರಲಿಲ್ಲ. ಪರಿಹಾರ ಕೊಟ್ಟೆ. ಈಗ ಪ್ರತಿ ವರ್ಷ ಕೊಯ್ಲಿಗೆ ಮೊದಲು ಕೆಲಸದವರ ವಿಮೆ ಮಾಡಿಸುತ್ತೇನೆ. ಗುತ್ತಿಗೆಯ ಆಳುಗಳ ಹೆಸರೂ ಅದರಲ್ಲಿ ಸೇರಿರುತ್ತದೆ. ಆದರೆ ವಿಮೆ ಬೆರಳು ತಂದುಕೊಡುವುದಿಲ್ಲ.

ಹಾಗಾಗಿ ಈ ಕೆಂಪು ಪೇಂಟ್.

ಲೈನ್ ಕೆಳಗೆ ನಡೆಯುತ್ತಾ ಹೋಗುತ್ತೇವೆ. ಏಣಿ ಯಾವ ಕಡೆ ವಾಲಿ ಬಿದ್ದರೂ ತಂತಿಗೆ ತಾಗಬಹುದಾದ ಪ್ರತಿ ಮರಕ್ಕೂ ಎದೆಯೆತ್ತರದಲ್ಲಿ ಒಂದು ಪಟ್ಟಿ. ಬರೀ ತಂತಿಯ ನೇರ ಕೆಳಗಿನ ಮರ ಅಲ್ಲ, ಬೀಳುವ ಏಣಿಯ ಉದ್ದವನ್ನೂ ಲೆಕ್ಕ ಹಾಕಬೇಕು. ಪಟ್ಟಿ ಇರುವ ಮರಕ್ಕೆ ಲೋಹದ ಏಣಿ ಇಡುವಂತಿಲ್ಲ. ಅದಕ್ಕೆ ಫೈಬರ್ ಏಣಿ ತಂದಿದ್ದೇನೆ. ಮೊದಲ ವರ್ಷ ಮೇಸ್ತ್ರಿಗೆ ಅದು ಹಿಡಿಸಲಿಲ್ಲ.

"ಅಕ್ಕ, ಇದು ಭಾರ ಉಂಟು. ದಿನಕ್ಕೆ ಎರಡು ಮರ ಕಮ್ಮಿ ಆಗ್ತದೆ."

"ಆಗಲಿ ಬಿಡಿ ಅಣ್ಣ."

"ಹುಡುಗರು ಒಪ್ಪುದಿಲ್ಲ. ಕೆ.ಜಿ. ಲೆಕ್ಕ ಅಲ್ವಾ?"

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ನನಗೆ ಆಗ ಹೊಳೆಯಿತು. ಏಣಿ ಮಲಗಿಸದೆ ಎತ್ತಿಕೊಂಡು ಹೋಗುವಂತೆ ಮಾಡಿದ್ದು ನನ್ನ ಕೆ.ಜಿ. ಲೆಕ್ಕವೇ. ಹೊತ್ತು ಉಳಿಸಿದಷ್ಟೂ ಕಾಸು. ಅಂಥ ಕಡೆ ನಿಂತು "ಜಾಗ್ರತೆ, ಜಾಗ್ರತೆ" ಎಂದರೆ ಯಾರು ಕೇಳುತ್ತಾರೆ? ಅವತ್ತಿನಿಂದ ಕೆಂಪು ಪಟ್ಟಿಯ ಮರಗಳಿಗೆ ದಿನಗೂಲಿ. ದಿನಕ್ಕೆ ಐದೇ ಮರ ಆಗಲಿ, ಸಂಬಳ ಅಷ್ಟೇ. ನಾನು ಮಾಡಿದ ಎಲ್ಲಾ ಬದಲಾವಣೆಗಳಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು ಇದು ಎಂದು ನಂಬಿದ್ದೇನೆ.

ಫೈಬರ್ ಏಣಿ ಇದೆ ಎಂದು ಧೈರ್ಯ ಮಾಡುವಂತಿಲ್ಲ. ಒದ್ದೆಯಾದರೆ, ಕೊಳೆ ಹಿಡಿದರೆ ಅದರಲ್ಲೂ ಕರೆಂಟ್ ಹರಿಯಬಹುದು. 11 ಕೆ.ವಿ.ಯಲ್ಲಿ ತಂತಿಗೆ ತಾಗಲೇಬೇಕೆಂದೂ ಇಲ್ಲ, ತೀರಾ ಹತ್ತಿರ ಹೋದರೆ ಹಾರಿ ಹೊಡೆಯುತ್ತದೆ. ಅದಕ್ಕೆ ಕರೆಂಟ್ ಕಂಪನಿಯ ಸೆಕ್ಷನ್ ಆಫೀಸಿಗೆ ಮೊದಲೇ ಅರ್ಜಿ ಕೊಟ್ಟು, ಲೈನ್‌ಮನ್ ಬಂದು ಲೈನ್ ಆಫ್ ಮಾಡಿ, ತಂತಿಯನ್ನು ನೆಲಕ್ಕೆ ಅರ್ಥ್ ಮಾಡಿ, "ಆಯಿತು, ಹತ್ತಿ" ಎಂದು ಬಾಯಿಬಿಟ್ಟು ಹೇಳಿದ ಮೇಲೆಯೇ ಈ ಮರಗಳಿಗೆ ಹತ್ತುವುದು.

ಒಂದು ತಪ್ಪನ್ನು ಎಷ್ಟೋ ಜನ ಮಾಡುತ್ತಾರೆ. ಮನೆಯಲ್ಲಿ ಕರೆಂಟ್ ಹೋದ ಕೂಡಲೇ ತೋಟಕ್ಕೆ ಏಣಿ ಕಳಿಸುತ್ತಾರೆ. ಮನೆಗೆ ಕರೆಂಟ್ ಬಾರದಿದ್ದರೆ ಟ್ರಾನ್ಸ್‌ಫಾರ್ಮರ್‌ನಲ್ಲಿ ಫ್ಯೂಸ್ ಹೋಗಿರಬಹುದು. ಮೇಲಿನ ದೊಡ್ಡ ಲೈನ್ ಜೀವಂತವಾಗಿಯೇ ಇರುತ್ತದೆ. ಲೈನ್ ಟ್ರಿಪ್ ಆಗಿ ತಾನಾಗಿ ಆಫ್ ಆಗಿದ್ದರೂ ವಿದ್ಯುತ್ ಸ್ಟೇಷನ್‌ನಿಂದ ಮತ್ತೆ ಚಾರ್ಜ್ ಮಾಡಿ ನೋಡುತ್ತಾರೆ. ಯಾವ ನಿಮಿಷಕ್ಕೆ ಎಂದು ನಮಗೆ ಯಾರೂ ಹೇಳುವುದಿಲ್ಲ. ಯಾರಿಗಾದರೂ ಶಾಕ್ ಹೊಡೆದರೆ ಓಡಿಹೋಗಿ ಮುಟ್ಟಬಾರದು. ಮೊದಲು ಕರೆಂಟ್ ಕಂಪನಿಯ ಸಹಾಯವಾಣಿ 1912ಕ್ಕೋ ಲೈನ್‌ಮನ್‌ಗೋ ಫೋನ್ ಮಾಡಿ ಲೈನ್ ಆಫ್ ಮಾಡಿಸಬೇಕು. ಜೊತೆಗೇ 108. ಈ ನಂಬರ್‌ಗಳನ್ನು ಏಣಿ ಕೊಠಡಿಯ ಬಾಗಿಲ ಮೇಲೆ ಬರೆಸಿದ್ದೇನೆ. ಸಿಗ್ನಲ್ ಸಿಗುವ ಜಾಗಗಳಲ್ಲಿ ಕಲ್ಲಿಗೆ ಬಿಳಿ ಬಣ್ಣ ಬಳಿಸಿದ್ದೇನೆ.

ಮೆಣಸು ಮುಗಿಯಿತು ಎಂದು ತಂತಿಯನ್ನು ಮರೆಯುವಂತಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಪೈಪ್ ಜೋಡಿಸುತ್ತೇವೆ. 20 ಅಡಿಯ ಅಲ್ಯೂಮಿನಿಯಂ ಪೈಪು. ಒಳಗೆ ಹಾವೋ ಇಲಿಯೋ ಸೇರಿರುತ್ತದೆ ಎಂದು ನೆಟ್ಟಗೆ ನಿಲ್ಲಿಸಿ ಕುಲುಕುವ ಅಭ್ಯಾಸ ಎಲ್ಲರಿಗೂ ಇದೆ. ಆ ಒಂದು ಅಭ್ಯಾಸ ಬಿಡಿಸಲು ನನಗೆ ಎರಡು ಬೇಸಿಗೆ ಹಿಡಿಯಿತು.

ಔಷಧಿ ಹೊಡೆಯುವ ಕೆಲಸದಲ್ಲಿ ಬೇರೆ ತೊಂದರೆ. ಈಗ ನಮ್ಮಲ್ಲಿ ಅಸ್ಸಾಂ ಕಡೆಯವರು ಅರ್ಧಕ್ಕರ್ಧ. ಡಬ್ಬದ ಮೇಲಿನ ಕನ್ನಡ ಅವರಿಗೆ ಬಾರದು. ಆದರೆ ಪ್ರತಿ ಡಬ್ಬದ ಮೇಲೂ ಒಂದು ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಎಂದರೆ ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಅದನ್ನು ಕಲಿಸಲು ಭಾಷೆ ಬೇಕಿಲ್ಲ. ಮೈಲುತುತ್ತು, ಸುಣ್ಣ ಕಲಸುವ ಬೋರ್ಡೋ ದ್ರಾವಣಕ್ಕೂ ಕೈಗವಸು, ಕನ್ನಡಕ ಬೇಕು. ಸುಣ್ಣ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಔಷಧಿ ಹೊಡೆಯುವವರಿಗೆ ತರಬೇತಿ, ರಕ್ಷಣೆಯ ಬಟ್ಟೆ, ವೈದ್ಯರ ತಪಾಸಣೆ ಕೊಡಬೇಕು ಎಂದು 1951ರ ತೋಟ ಕಾರ್ಮಿಕ ಕಾಯ್ದೆಗೆ 2010ರಲ್ಲಿಯೇ ಸೇರಿಸಿದ್ದರು. ಕಡಿಮೆಯೆಂದರೆ 5 ಹೆಕ್ಟೇರ್ ಜಾಗ ಮತ್ತು 15 ಜನ ಕೆಲಸಗಾರರು ಇರುವ ತೋಟಕ್ಕೆ ಎಂಬುದು ಆ ಕಾಯ್ದೆಯ ಅಳತೆಯಾಗಿತ್ತು. ಈಗ ಅದೂ ಸೇರಿ 13 ಕಾಯ್ದೆಗಳು 2020ರ ಸುರಕ್ಷತಾ ಸಂಹಿತೆಯೊಳಗೆ ಹೋಗಿವೆ. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ. ಸಣ್ಣ ತೋಟದವರು "ನಮಗೆ ಲಾಗೂ ಆಗಲ್ಲ" ಎನ್ನುವುದನ್ನು ಕೇಳುತ್ತೇನೆ. ನಾಲ್ಕು ಎಕರೆಯ ತೋಟದಲ್ಲೂ ತಂತಿಯಲ್ಲಿ ಇರುವುದು ಅದೇ 11 ಕೆ.ವಿ.

ಕೆಲಸದವರು ಇರುವ ಲೈನ್ ಮನೆಗಳ (ಸಾಲುಮನೆಗಳ) ಗೋಡೆಯನ್ನು ಮೇ ತಿಂಗಳಲ್ಲಿ ನೋಡಿಸುತ್ತೇನೆ. ನಾವು ಕೊಟ್ಟ ಮನೆ ಕುಸಿದು ಯಾರಿಗಾದರೂ ಪೆಟ್ಟಾದರೆ ಅದಕ್ಕೂ ನಾವು ಹೊಣೆ. ಆನೆ ಓಡಾಟದ ಸುದ್ದಿ ಬಂದ ದಿನ ಬಿಸಿಲು ಚೆನ್ನಾಗಿ ಬಂದ ಮೇಲೆಯೇ ಕೆಲಸ ಶುರು.

ಬೆರಳು ಕಳೆದುಕೊಂಡವನು ಈಗ ನಮ್ಮ ಕಣದಲ್ಲಿ ಕೆಲಸ ಮಾಡುತ್ತಾನೆ. ಹೊಸ ಹುಡುಗರು ಬಂದಾಗ ಏಣಿ ಪಾಠ ಹೇಳುವುದು ಅವನೇ, ಹಾಗೆ ಮಾಡು ಎಂದು ನಾನು ಹೇಳಿದ್ದಲ್ಲ. ಮಲಗಿಸುವುದು ಹೇಗೆ, ಇಬ್ಬರು ಹೊರುವುದು ಹೇಗೆ ಎಂದು ತೋರಿಸುತ್ತಾನೆ. ಕೈ ಬಗ್ಗೆ ಯಾರಾದರೂ ಕೇಳಿದರೆ ಮಾತ್ರ ಅದನ್ನು ಹೇಳುತ್ತಾನೆ.

ನಿನ್ನೆ 41 ಮರಕ್ಕೆ ಪಟ್ಟಿ ಬಿತ್ತು. ಹೋದ ವರ್ಷ 38 ಇತ್ತು. ಮೂರು ಸಿಲ್ವರ್ ಓಕ್‌ಗಳಲ್ಲಿ ಬಳ್ಳಿ ಮೇಲಕ್ಕೆ ಏರಿದೆ, ಅವಕ್ಕೂ ಈಗ ಉದ್ದದ ಏಣಿ ಬೇಕು. ಸೆಕ್ಷನ್ ಆಫೀಸಿಗೆ ಅರ್ಜಿ ಕೊಟ್ಟಿದ್ದೇನೆ, ದಿನ ಇನ್ನೂ ಹೇಳಿಲ್ಲ. ಹೇಳುವವರೆಗೆ ಏಣಿ ಕೊಠಡಿಯ ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ.