ಹುಳು ಜ್ವರಕ್ಕೆ ಕೂತ ದಿನ

ಮೂರನೇ ಕ್ಲಾಸಿನ ಆ ಹುಡುಗ ನಾಲ್ಕು ದಿನದಿಂದ ಶಾಲೆಗೆ ಬಂದಿರಲಿಲ್ಲ. ಐದನೇ ದಿನ ಸಂಜೆ ಬೆಲ್ ಹೊಡೆದ ಮೇಲೆ ನಾನೇ ಅವನ ಮನೆಗೆ ಹೋದೆ. ಶಿಡ್ಲಘಟ್ಟ ತಾಲ್ಲೂಕಿನ ಸಣ್ಣ ಊರು ಅದು, ಬಹಳ ಮನೆಗಳಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಒಂದರಿಂದ ಐದರವರೆಗಿನ ಕಿರಿಯ ಪ್ರಾಥಮಿಕ ಶಾಲೆ, ಇಬ್ಬರೇ ಟೀಚರ್. ಶಾಲೆಯಿಂದ ಯಾವ ಮನೆಗೆ ಹೋದರೂ ಹತ್ತು ನಿಮಿಷ. ಆದರೂ ಎರಡು ವರ್ಷದಲ್ಲಿ ಆ ಮನೆಗೆ ನಾನು ಒಂದು ಸಲವೂ ಹೋಗಿರಲಿಲ್ಲ. ಇವತ್ತಿಗೂ ಅದು ನನಗೆ ಬೇಜಾರಿನ ವಿಷಯ.

ಹುಡುಗ ಕ್ಲಾಸಲ್ಲಿ ಮಾತೇ ಆಡುತ್ತಿರಲಿಲ್ಲ. ಓದು ಅಂದರೆ ನೆಲ ನೋಡುತ್ತಿದ್ದ. ಸಣ್ಣ ಕ್ಲಾಸುಗಳಿಗೆ ಕಾರ್ಡು ಹಿಡಿದು ಕಲಿಸುವ ನಲಿ-ಕಲಿಯಲ್ಲಿ ಕನ್ನಡ ಶುರುವಾಗುವುದು ಅ ಆ ಇ ಈ ಇಂದ ಅಲ್ಲ. ರ, ಗ, ಸ, ದ, ಅ ಅಂತ ಐದು ಅಕ್ಷರ ಮೊದಲು. ಅದರಲ್ಲೇ ಸರ, ಅರಸ, ಅಗಸ, ಗರಗಸ ಅಂತ ಪದ ಕಟ್ಟಿಸುತ್ತೇವೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ಇಡೀ ರಾಜ್ಯಕ್ಕೆ ಬಂದ ಪದ್ಧತಿ ಅದು, ನನಗೆ ಅದರ ಮೇಲೆ ಪ್ರೀತಿ ಇದೆ. ಪ್ರತಿ ಮಗುವೂ ತನ್ನ ವೇಗಕ್ಕೆ ಕಲಿಕೆಯ ಏಣಿ ಹತ್ತುತ್ತೆ, ಯಾರನ್ನೂ ಯಾರೂ ಎಳೆಯುವುದಿಲ್ಲ. ಆದರೆ ಈ ಹುಡುಗ ಎರಡು ವರ್ಷ ಗರಗಸದ ಹತ್ತಿರವೇ ನಿಂತಿದ್ದ. ಕೆಲವು ಮಕ್ಕಳು ನಿಧಾನ ಅಂತ ನಾನೇ ಸಮಾಧಾನ ಮಾಡಿಕೊಂಡಿದ್ದೆ.

ಇನ್ನೊಂದು ವಿಷಯ. ನಾನು ತಿಪಟೂರು ಕಡೆಯವಳು. ಶಾಲೆ ಇರುವ ಈ ಊರಲ್ಲಿ ಮನೆಮಾತು ತೆಲುಗು. ಅಂಗಡಿ, ಡೇರಿ, ಬಸ್ ಸ್ಟಾಪು, ಎಲ್ಲಾ ಕಡೆ ತೆಲುಗೇ. ನಾನು ಬಂದ ಮೊದಲ ವಾರವೇ 'ಕ್ಲಾಸಲ್ಲಿ ಕನ್ನಡ ಮಾತ್ರ' ಅಂತ ನಿಯಮ ಮಾಡಿದ್ದೆ. ಒಳ್ಳೆಯದಕ್ಕೇ ಮಾಡಿದ್ದು. ಕನ್ನಡ ಕಿವಿಗೆ ಬೀಳದಿದ್ದರೆ ಮಕ್ಕಳು ಕಲಿಯುವುದು ಹೇಗೆ, ಅಲ್ವಾ? ಹೀಗೆ ಅಂದುಕೊಂಡಿದ್ದೆ.

ಹೋದಾಗ ಮನೆ ಬಾಗಿಲಲ್ಲಿ ಅವನ ಅಮ್ಮ ಇದ್ದರು. 'ಬನ್ನಿ ಟೀಚರಮ್ಮ' ಅಂತ ಚಾಪೆ ಹಾಕಿದರು. ತಾತನಿಗೆ ಹುಷಾರಿಲ್ಲ, ಅವನ ಅಪ್ಪ ಅವರ ಜೊತೆ ಆಸ್ಪತ್ರೆಯಲ್ಲಿದ್ದಾರೆ, ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯುವುದಕ್ಕೆ ಒಬ್ಬಳಿಗೇ ಆಗಲ್ಲ, ಅದಕ್ಕೇ ಇವನನ್ನು ನಿಲ್ಲಿಸಿಕೊಂಡೆ ಅಂದರು. ಹೇಳುವಾಗ ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿದರು. ನನಗೆ ಸಂಕಟವಾಯಿತು. ಸೀನಿಯರ್ ಒಬ್ಬರು ಹೇಳಿಕೊಟ್ಟಿದ್ದ 'ಮಗು ಶಾಲೆ ತಪ್ಪಿಸಬಾರದು' ಅನ್ನುವ ಭಾಷಣ ಬಾಯಿವರೆಗೂ ಬಂದಿತ್ತು. ನುಂಗಿಕೊಂಡೆ.

ಅಷ್ಟರಲ್ಲಿ ಹುಡುಗ ಹಿಂದಿನಿಂದ ಬಂದ. ನನ್ನನ್ನು ನೋಡಿ ಹೆದರಿದ. ಸುಮ್ನೆ ಮಾತಿಗೆ ಅಂತ 'ಹುಳು ತೋರಿಸ್ತೀಯಾ?' ಅಂದೆ. ಅವನು ಒಂದು ಸಲ ಅಮ್ಮನ ಮುಖ ನೋಡಿದ, ಆಮೇಲೆ ನನ್ನ ಚಪ್ಪಲಿ ನೋಡಿದ. ಹೊರಗೆ ಬಿಡಿ ಅಂತ ಕೈಯಲ್ಲೇ ತೋರಿಸಿದ. ಕಾಲು ತೊಳೆಸಿದ. ಬಾಗಿಲ ಪರದೆ ಸರಿಸಿ, ನಾನು ಒಳಗೆ ಕಾಲಿಟ್ಟ ತಕ್ಷಣ ಮತ್ತೆ ಎಳೆದ. ಹುಳುವಿನ ಮೇಲೆ ಮೊಟ್ಟೆ ಇಡುವ ಊಜಿ ನೊಣ ಒಳಗೆ ಬಂದರೆ ಬೆಳೆ ಹೋಯಿತಂತೆ.

ಒಳಗೆ ತಟ್ಟೆಗಳ ಸಾಲು. ಹುಳುಗಳು ತಲೆ ಎತ್ತಿಕೊಂಡು ಅಲುಗಾಡದೆ ನಿಂತಿದ್ದವು, ಮೇಲೆ ತೆಳ್ಳಗೆ ಸುಣ್ಣದ ಪುಡಿ. ನಾನು ಪಕ್ಕದಲ್ಲಿದ್ದ ಒಂದು ಎಲೆ ತೆಗೆದು ಹಾಕಲು ಹೋದೆ. ಹುಡುಗ ನನ್ನ ಕೈ ಹಿಡಿದುಬಿಟ್ಟ.

'ಪುರುಗುಲಕಿ ಜ್ವರಂ ವಚ್ಚಿಂದಿ. ಆಕು ಎಯ್ಯಕೂಡದು ಟೀಚರ್.'

ಎರಡು ವರ್ಷದಲ್ಲಿ ಅವನ ಬಾಯಿಂದ ನಾನು ಕೇಳಿದ ಮೊದಲ ಪೂರ್ತಿ ಮಾತು ಅದು. ಹುಳಕ್ಕೆ ಜ್ವರ ಬಂದಿದೆ, ಸೊಪ್ಪು ಹಾಕಬಾರದು. ಆಮೇಲೆ ನಿಲ್ಲಿಸಲೇ ಇಲ್ಲ. ತೆಲುಗಲ್ಲಿ ಶುರು ಮಾಡುವುದು, ನನಗೆ ತಿಳಿಯಲಿಲ್ಲ ಅಂತ ಮುಖ ನೋಡಿ ಕನ್ನಡದ ಪದ ಹುಡುಕಿ ಸೇರಿಸುವುದು, ಅದೂ ಸಿಗದಿದ್ದರೆ ಕೈಯಲ್ಲಿ ಮಾಡಿ ತೋರಿಸುವುದು. ಹುಳಕ್ಕೆ ನಾಲ್ಕು ಸಲ ಜ್ವರ ಬರುತ್ತೆ. ಜ್ವರ ಅಂದರೆ ಕಾಯಿಲೆ ಅಲ್ಲ, ಹಳೇ ಚರ್ಮ ಬಿಡುವ ಹೊತ್ತು. ಮರಿಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ತರುವ ಹೊತ್ತಿಗೆ ಎರಡು ಜ್ವರ ಮುಗಿದಿರುತ್ತೆ. ಇದು ನಾಲ್ಕನೆಯದು, ಕೊನೆಯದು. ಒಂದಿಷ್ಟು ಹುಳು ಬೇಗ ಏಳುತ್ತವೆ, ಎದ್ದವು ಅಂತ ಅವಕ್ಕೆ ಮಾತ್ರ ಸೊಪ್ಪು ಹಾಕಿಬಿಟ್ಟರೆ ಬೆಳೆ ಹಿಂದೆ ಮುಂದೆ ಆಗುತ್ತೆ, ಆಮೇಲೆ ಒಟ್ಟಿಗೆ ಹಣ್ಣಾಗಲ್ಲ (ಹಣ್ಣಾಗುವುದು ಅಂದರೆ ಗೂಡು ಕಟ್ಟಲು ತಯಾರಾಗುವುದು), ಅದಕ್ಕೇ ಎಲ್ಲಾ ಏಳುವವರೆಗೆ ಕಾಯಬೇಕು. ಆಮೇಲೆ ಒಂದು ವಾರ ಹಗಲೂ ರಾತ್ರಿ ತಿನ್ನುತ್ತವೆ, ಸೊಪ್ಪು ತಂದು ಪೂರೈಸುವುದೇ ಕಷ್ಟ.

ಎಷ್ಟು ಹುಳು ಇವೆ ಅಂತ ಕೇಳಿದೆ. 'ನೂರು ಮೊಟ್ಟೆ' ಅಂದ. ಈ ತಟ್ಟೆಗಳಲ್ಲಿ ನೂರೇ ಹುಳು ಇದ್ದೀತಾ ಅಂದೆ. ಅಲ್ಲ ಟೀಚರ್, ಒಂದು ಚಿಟ್ಟೆ ಇಟ್ಟಿದ್ದೆಲ್ಲಾ ಸೇರಿ ಒಂದು ಮೊಟ್ಟೆ ಅಂತ ಲೆಕ್ಕ ಅಂದ. ಅವನ ಅಮ್ಮ ಬಾಗಿಲಿಂದಲೇ, ಒಂದರಲ್ಲಿ ನಾನೂರು ಐನೂರು ಇರುತ್ತೆ ಅಂದರು. ಕಾರ್ಡು ಹಿಡಿದು ನೂರರ ಮನೆ, ಹತ್ತರ ಮನೆ ಅಂತ ನಾನು ಇವನಿಗೆ ಕಲಿಸಲು ಎಷ್ಟು ಒದ್ದಾಡಿದ್ದೆ. ಇವನೋ ನಲವತ್ತು ಐವತ್ತು ಸಾವಿರ ಹುಳುವಿನ ನಡುವೆ ನಿಂತು ನನಗೆ ಲೆಕ್ಕ ಹೇಳುತ್ತಿದ್ದ.

ಟೀಚರ್ ಆಗಲು ಡಿಎಡ್ ಓದುವಾಗ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಅಂತ ಒಂದು ಪಾಠ ಇತ್ತು. ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿಗೆ ಜೋಡಿಸಬೇಕು ಅನ್ನುವುದು ಅದರ ಮೊದಲ ತತ್ವ. ಪರೀಕ್ಷೆಯಲ್ಲಿ ಪೂರ್ತಿ ಬರೆದಿದ್ದೆ. ಅದರ ಅರ್ಥ ನನಗೆ ಆದದ್ದು ಈ ಹುಳುಮನೆಯಲ್ಲಿ, ಎಂಟು ವರ್ಷದ ಹುಡುಗ ನನ್ನ ಕೈ ಹಿಡಿದು ನಿಲ್ಲಿಸಿದಾಗ. ಈ ಮಗುವಿಗೆ ಕಾರಣ ಹೇಳುವುದು ಬರುತ್ತೆ, ಕಾಯುವುದು ಬರುತ್ತೆ. ಇದೆಲ್ಲಾ ಇಟ್ಟುಕೊಂಡು ಬೆಳಿಗ್ಗೆ ಹತ್ತು ಗಂಟೆಗೆ ಬರುವವನನ್ನು, ಬಾಗಿಲಲ್ಲೇ ಎಲ್ಲಾ ಬಿಟ್ಟು ಒಳಗೆ ಬಾ ಅಂತ ಹೇಳಿದ್ದು ನಾನೇ.

ಅವತ್ತು ಅವನ ಅಮ್ಮನ ಹತ್ತಿರ ಒಂದೇ ಮಾತು ಕೇಳಿಕೊಂಡೆ. ಹುಳು ಏಳುವವರೆಗೆ ಸೊಪ್ಪಿನ ಕೆಲಸ ಇಲ್ಲವಲ್ಲ, ನಾಳೆ ಕಳಿಸಿ. ಆಮೇಲೂ ಬಿಸಿಯೂಟದವರೆಗಾದರೂ ಕಳಿಸಿ. ಕಳಿಸಿದರು.

ಮಾರನೇ ದಿನ ಅವನ ತಟ್ಟೆಯಲ್ಲಿ ಕೂತೆ. (ನಲಿ-ಕಲಿಯಲ್ಲಿ ಮಕ್ಕಳ ಗುಂಪಿಗೂ ತಟ್ಟೆ ಅಂತಲೇ ಹೆಸರು.) ಕಾರ್ಡು ಪಕ್ಕಕ್ಕಿಟ್ಟೆ. ನಿನ್ನೆ ನನಗೆ ಹೇಳಿದ್ದನ್ನು ಇವರಿಗೆಲ್ಲಾ ಹೇಳು, ತೆಲುಗಲ್ಲೇ ಹೇಳು ಅಂದೆ. ಮಕ್ಕಳು ನನ್ನ ಮುಖ ನೋಡಿದರು. ಅವನು ಹೇಳಿದ. ಬೇರೆ ಮಕ್ಕಳು ಸೇರಿಕೊಂಡರು, ಅವರ ಮನೆಯಲ್ಲೂ ಹುಳು ಇವೆಯಲ್ಲ. ಅದನ್ನೇ ಕನ್ನಡದಲ್ಲಿ ಹೇಗೆ ಹೇಳುವುದು ಅಂತ ಎಲ್ಲಾ ಸೇರಿ ಹುಡುಕಿದೆವು. ಪುರುಗು ಹುಳು ಆಯಿತು, ಆಕು ಸೊಪ್ಪಾಯಿತು. ಗೂಡು ಎರಡರಲ್ಲೂ ಗೂಡೇ. ಜ್ವರಂ ಅನ್ನುವುದರಲ್ಲಿ ಒಂದು ಸೊನ್ನೆ ತೆಗೆದರೆ ಮುಗಿಯಿತು. ಗೋಡೆಯ ಕೆಳಗೆ ಮಕ್ಕಳಿಗಿರುವ ಬೋರ್ಡ್ ಮೇಲೆ ದೊಡ್ಡದಾಗಿ ಬರೆದೆ: ಹುಳಕ್ಕೆ ಜ್ವರ ಬಂದಿದೆ. ಸೊಪ್ಪು ಹಾಕಬಾರದು.

ಅವನು ಬೆರಳಿಟ್ಟು ಓದಿದ. ಮೊದಮೊದಲು ಅದು ಓದಲ್ಲ, ಬಾಯಿಗೆ ಬಂದ ಮಾತು ಅಂತ ನನಗೂ ಗೊತ್ತಿತ್ತು. ಅದಕ್ಕೇ ಪದಗಳನ್ನು ಚೀಟಿಯಲ್ಲಿ ಬರೆದು ಕಲಸಿ ಕೊಟ್ಟೆ. 'ಜ್ವರ' ತಕ್ಷಣ ಆರಿಸಿದ. ಏಣಿಯಲ್ಲಿ ಒತ್ತಕ್ಷರ ಬರುವುದು ಎಷ್ಟೋ ಮೆಟ್ಟಿಲು ಆಚೆ. ಗರಗಸ ಓದದ ಹುಡುಗ ಜ್ವರ ಓದಿದ, ಆಮೇಲೆ ಆ ಜ್ವರದ 'ರ' ತೋರಿಸಿ, ಇದು ಸರದಲ್ಲೂ ಇದೆ ಅಂತ ತಾನಾಗಿ ಅಂದ. ನನ್ನ ಕಣ್ಣಲ್ಲಿ ನೀರು ಬಂತು. ಎದ್ದು ಕಿಟಕಿ ಹತ್ತಿರ ಹೋಗಿ ನಿಂತೆ.

ಒಂದೇ ದಿನಕ್ಕೆ ಎಲ್ಲಾ ಬದಲಾಗಲಿಲ್ಲ. ಕಾಗುಣಿತಕ್ಕೆ ಇನ್ನೂ ತಿಂಗಳುಗಟ್ಟಲೆ ಹಿಡಿಯಿತು. ಕನ್ನಡ ಮಾತ್ರ ಅನ್ನುವ ನಿಯಮ ಅವತ್ತೇ ತೆಗೆದೆ. ವಿಚಿತ್ರ ಅಂದರೆ, ತೆಗೆದ ಮೇಲೆ ಮಕ್ಕಳು ಕನ್ನಡ ಜಾಸ್ತಿ ಮಾತಾಡಿದರು. ನಾನೂ ಅವರ ಹತ್ತಿರ ತೆಲುಗು ಕಲಿಯಲು ಶುರು ಮಾಡಿದೆ. ನಾನು ತಪ್ಪು ಮಾತಾಡಿದಾಗ ಅವರು ತಿದ್ದುತ್ತಾರೆ, ಅದರಿಂದ ಅವರಿಗೆ ತಪ್ಪು ಮಾಡುವ ಭಯ ಹೋಯಿತು ಅನ್ನಿಸುತ್ತೆ.

ಮುಂದಿನ ಬೆಳೆ ಹೊತ್ತಿಗೆ ಅವನ ತಾತ ಹುಷಾರಾಗಿ ಮನೆಗೆ ಬಂದಿದ್ದರು. ಒಂದು ಬೆಳಿಗ್ಗೆ ಹುಡುಗ ಪ್ರಾರ್ಥನೆಗೆ ಮುಂಚೆಯೇ ಬಂದು ನೋಟ್‌ಬುಕ್ಕಿನ ಹರಿದ ಹಾಳೆಯೊಂದನ್ನು ನನ್ನ ಕೈಗೆ ಕೊಟ್ಟು ಓಡಿದ. ಪೆನ್ಸಿಲಿನಲ್ಲಿ ಒತ್ತಿ ಒತ್ತಿ ಬರೆದಿತ್ತು: 'ಟೀಚರ್ ಹುಳು ಹಣಾಗಿದೆ. ಎರಡು ದಿನ ಬರಲ.' ಎರಡು ಒತ್ತು ಬಿಟ್ಟಿದ್ದ. ಹಣ್ಣಾದ ಹುಳು ಆರಿಸಿ, ಗೂಡು ಕಟ್ಟಲು ಇಡುವ ಚಂದ್ರಿಕೆಗೆ ಬಿಡುವುದಕ್ಕೆ ಮನೆಯವರೆಲ್ಲಾ ಬೇಕು. ಅವನು ತಾನಾಗಿ ಬರೆದ ಮೊದಲ ಬರಹ, ರಜೆ ಚೀಟಿ. ಅದನ್ನು ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡೆ. ಮೂರನೇ ದಿನ ಬೆಲ್ ಹೊಡೆಯುವುದಕ್ಕೆ ಮುಂಚೆ ಗೇಟಿನ ಹತ್ತಿರ ನಿಂತಿದ್ದ.