ಎರಕದ ಸಾಲಿಗ್ರಾಮ

ನಾವಿರುವ ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ ಫೆಬ್ರವರಿಯ ಮೂರನೆಯ ಸೋಮವಾರ ‘ಫ್ಯಾಮಿಲಿ ಡೇ’ ಎಂಬ ರಜೆ. 1990ರಲ್ಲಿ ಇಡೀ ದೇಶದಲ್ಲೇ ಮೊದಲಿಗೆ ಈ ರಜೆಯನ್ನು ಜಾರಿಗೆ ತಂದದ್ದು ಇದೇ ಪ್ರಾಂತ್ಯ. ಕುಟುಂಬದವರೆಲ್ಲ ಕೂಡಿ ಕಳೆಯಲಿ ಎಂಬುದು ಸರ್ಕಾರದ ಆಶಯವಾದರೂ, ಹೊರಗೆ ಮೈನಸ್ 22 ಡಿಗ್ರಿ ಇರುವಾಗ ಕೂಡಿ ಹೋಗುವುದೆಲ್ಲಿಗೆ ಎಂಬ ಪ್ರಶ್ನೆ ಪ್ರತಿ ವರ್ಷವೂ ಏಳುತ್ತದೆ. ಆ ವರ್ಷ ಉಡುಪಿಯಿಂದ ಅತ್ತೆ ಬಂದು ನಮ್ಮೊಡನಿದ್ದರು. ಎಂಟು ವರ್ಷದ ಮಗ ಎರಡು ವಾರದಿಂದ ಡೈನೋಸಾರ್ ಜಪ ಮಾಡುತ್ತಿದ್ದ. ಹೀಗಾಗಿ ಕ್ಯಾಲ್ಗರಿಯಿಂದ ಒಂದೂವರೆ ಗಂಟೆಯ ದಾರಿಯಲ್ಲಿರುವ ಡ್ರಮ್‌ಹೆಲ್ಲರ್ ಊರಿನ ರಾಯಲ್ ಟಿರೆಲ್ ಮ್ಯೂಸಿಯಮ್ಮಿಗೆ ಹೋಗುವುದೆಂದು ತೀರ್ಮಾನವಾಯಿತು. ಚಳಿಗಾಲದಲ್ಲಿ ಸೋಮವಾರ ಅದಕ್ಕೆ ವಾರದ ಬಿಡುವು, ಆದರೆ ರಜೆಯ ಸೋಮವಾರ ಬಾಗಿಲು ತೆರೆದಿರುತ್ತದೆ. ಮಕ್ಕಳಿಗೆ ಪಳೆಯುಳಿಕೆಯ ಎರಕ ಹೊಯ್ಯುವುದನ್ನು ಹೇಳಿಕೊಡುವ ಒಂದು ತರಗತಿಗೂ ಮಗನ ಹೆಸರನ್ನು ಮುಂಚಿತವಾಗಿ ಬರೆಸಿದ್ದೆವು.

ಅತ್ತೆ ಸೀರೆಯ ಮೇಲೆ ನನ್ನ ಗಂಡನ ದಪ್ಪ ಜಾಕೆಟ್ ತೊಟ್ಟು, ಕಾಲಿಗೆ ಹಿಮದ ಬೂಟು ಹಾಕಿ, ಮಡಿಲಲ್ಲಿ ಚಿತ್ರಾನ್ನದ ಡಬ್ಬಿ ಇಟ್ಟುಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಕುಳಿತರು. ದಾರಿಯುದ್ದಕ್ಕೂ ತಟ್ಟೆಯಂಥ ಬಯಲು, ಎಲ್ಲೆಲ್ಲೂ ಬಿಳಿ. “ಒಂದು ಗುಡ್ಡ ಇಲ್ಲ, ಒಂದು ತೋಟ ಇಲ್ಲ, ಇದೆಂಥ ಊರು ಮಾರಾಯ್ತಿ!” ಎಂದು ಅವರು ಎರಡು ಸಲ ಹೇಳಿದರು. ಊರು ಹತ್ತಿರವಾಗುತ್ತಿದ್ದಂತೆ ನೆಲ ಇದ್ದಕ್ಕಿದ್ದಂತೆ ಬಾಯ್ದೆರೆದು ರಸ್ತೆ ಕಣಿವೆಗೆ ಇಳಿಯತೊಡಗಿತು. ಎರಡೂ ಬದಿಯ ಬೋಳು ದಿಬ್ಬಗಳಲ್ಲಿ ಕಂದು, ಬೂದಿ, ಕಪ್ಪು ಪಟ್ಟೆಗಳು ಒಂದರ ಮೇಲೊಂದು ಒಟ್ಟಿಕೊಂಡಿದ್ದವು, ಅವುಗಳ ಅಂಚಿನಲ್ಲಷ್ಟೇ ಹಿಮ ನಿಂತಿತ್ತು. ಕಪ್ಪು ಪಟ್ಟೆ ಕಲ್ಲಿದ್ದಲು. 1884ರಲ್ಲಿ ಜೋಸೆಫ್ ಬರ್ ಟಿರೆಲ್ ಎಂಬ ಭೂವಿಜ್ಞಾನಿ ಈ ಕಣಿವೆಯಲ್ಲಿ ಕಲ್ಲಿದ್ದಲಿನ ನಿಕ್ಷೇಪ ಹುಡುಕುತ್ತಿದ್ದಾಗ ಸಿಕ್ಕಿದ್ದು ಒಂದು ಮಾಂಸಾಹಾರಿ ಡೈನೋಸಾರಿನ ತಲೆಬುರುಡೆ. 1905ರಲ್ಲಿ ಅದಕ್ಕೆ ಆಲ್ಬರ್ಟೋಸಾರಸ್ ಎಂದು ಹೆಸರಿಟ್ಟರು, ಆಲ್ಬರ್ಟಾ ಪ್ರಾಂತ್ಯವಾದದ್ದೂ ಅದೇ ವರ್ಷ. 1985ರಲ್ಲಿ ಮ್ಯೂಸಿಯಂ ತೆರೆದಾಗ ಟಿರೆಲ್ ಹೆಸರನ್ನೇ ಅದಕ್ಕೆ ಕೊಟ್ಟರು.

ಒಳಗೆ ಕಾಲಿಟ್ಟದ್ದೇ ಮಗ ಓಡಿದ. ಅಸ್ಥಿಪಂಜರಗಳ ಸಭಾಂಗಣವನ್ನು ವರ್ಣಿಸಲು ನಾನು ಹೋಗುವುದಿಲ್ಲ, ಚಿತ್ರಗಳಲ್ಲಿ ಎಲ್ಲರೂ ನೋಡಿರುವಂಥದ್ದೇ. ಮ್ಯಾಂಗನೀಸ್ ಹೀರಿ ಎಲುಬೆಲ್ಲ ಕಪ್ಪಾಗಿರುವ ಟಿ. ರೆಕ್ಸ್ ಮುಂದೆ ಅವನು ಹತ್ತು ನಿಮಿಷ ಬಾಯಿಬಿಟ್ಟುಕೊಂಡು ನಿಂತ ಎಂದರೆ ಸಾಕು. ಒಂದು ಮಾತನ್ನು ಮಾತ್ರ ಹೇಳಬೇಕು. ಮಾಲುಗಳಲ್ಲಿ ರಬ್ಬರಿನ ಡೈನೋಸಾರ್ ತಲೆಯಾಡಿಸಿ ಗರ್ಜಿಸುವ ಪ್ರದರ್ಶನಗಳಿಗೆ ಅವನನ್ನು ಕರೆದೊಯ್ದಿದ್ದೇನೆ, ಅಲ್ಲಿಂದ ಹೊರಬಂದ ಮೇಲೆ ಅವನು ಒಂದು ಪ್ರಶ್ನೆಯನ್ನೂ ಕೇಳಿದ್ದಿಲ್ಲ. ಸದ್ದಿಲ್ಲದೆ ನಿಂತ ಈ ಎಲುಬುಗಳ ಮುಂದೆ ಅವನ ಪ್ರಶ್ನೆಗಳು ನಿಲ್ಲಲೇ ಇಲ್ಲ.

ಅತ್ತೆ ಮಾತ್ರ ಹಿಂದೆ ಉಳಿದುಬಿಟ್ಟಿದ್ದರು. ಹುಡುಕಿಕೊಂಡು ಹೋದರೆ ಸಮುದ್ರಜೀವಿಗಳ ಒಂದು ಗಾಜಿನ ಪೆಟ್ಟಿಗೆಯ ಮುಂದೆ ಕೈಮುಗಿಯುವುದೋ ಬೇಡವೋ ಎಂಬಂತೆ ನಿಂತಿದ್ದರು. ಒಳಗಿದ್ದದ್ದು ಅಮೋನೈಟ್, ಟಗರಿನ ಕೊಂಬಿನಂತೆ ಸುರುಳಿ ಸುತ್ತಿದ ಚಿಪ್ಪು. “ಇದು ಸಾಲಿಗ್ರಾಮ ಅಲ್ವಾ?” ಎಂದರು. ಹೌದು ಎನ್ನದೆ ವಿಧಿಯಿರಲಿಲ್ಲ. ನೇಪಾಳದ ಗಂಡಕಿಯಿಂದ ಬರುವ ಸಾಲಿಗ್ರಾಮದೊಳಗಿನ ಚಕ್ರವೂ ಅಮೋನೈಟಿನದೇ ಗುರುತು, ಹಿಮಾಲಯ ಏಳುವ ಮೊದಲು ಅಲ್ಲಿದ್ದ ಸಮುದ್ರದಲ್ಲಿ ಬದುಕಿದ ಜೀವಿಯದು. ಇಲ್ಲಿಯದು ಇನ್ನೊಂದು ಸಮುದ್ರದ್ದು. ಸುಮಾರು ಏಳು ಕೋಟಿ ವರ್ಷಗಳ ಹಿಂದೆ ಉತ್ತರ ಅಮೆರಿಕದ ನಡುವೆ ಹಬ್ಬಿದ್ದ ಆ ಕಡಲಿನ ಕೆಸರಿನಲ್ಲಿ ಹೂತ ಚಿಪ್ಪುಗಳು ದಕ್ಷಿಣ ಆಲ್ಬರ್ಟಾದಲ್ಲಿ ಕೆಂಪು ಹಸಿರಾಗಿ ಹೊಳೆಯುತ್ತ ಸಿಗುತ್ತವೆ. ಆ ಹೊಳಪಿನ ಪದರವನ್ನು ಅಮ್ಮೊಲೈಟ್ ಎಂಬ ರತ್ನವಾಗಿ ಮಾರುವುದೂ ಉಂಟು. ಅಮೋನೈಟ್ ಡೈನೋಸಾರ್ ಅಲ್ಲ, ಇಂದಿನ ಆಕ್ಟೋಪಸ್, ಸ್ಕ್ವಿಡ್‌ಗಳ ಬಳಗದ್ದು. ಆದರೆ 6.6 ಕೋಟಿ ವರ್ಷಗಳ ಹಿಂದಿನ ಮಹಾವಿನಾಶದಲ್ಲಿ ಡೈನೋಸಾರುಗಳೊಂದಿಗೆ ಅದೂ ಹೋಯಿತು.

ಅತ್ತೆ ಇದನ್ನೆಲ್ಲ ಕೇಳಿಸಿಕೊಂಡು, ಬೇರೆಯದೇ ಒಂದು ಮಾತು ಹೇಳಿದರು. ಮಾವ ಬದುಕಿರುವವರೆಗೆ ದಿನವೂ ಸಂಪುಟ ತೆರೆದು ಸಾಲಿಗ್ರಾಮಕ್ಕೆ ಅಭಿಷೇಕ ಮಾಡುತ್ತಿದ್ದರು. ನೀರು, ಹಾಲು, ತುಳಸಿ ಎಲ್ಲವನ್ನೂ ಅಣಿಮಾಡಿ ಕೊಡುತ್ತಿದ್ದವರು ಇವರು. ಆದರೆ ಹೆಂಗಸರು ಮುಟ್ಟಬಾರದೆಂಬ ಕಟ್ಟು ಆ ಮನೆಯದು, ಹಾಗಾಗಿ ಐವತ್ತು ವರ್ಷಗಳಲ್ಲಿ ಒಮ್ಮೆಯೂ ಅದನ್ನು ಕೈಯಲ್ಲಿ ಹಿಡಿದವರಲ್ಲ. ಮಾವ ತೀರಿಕೊಂಡ ಮೇಲೆ ಸಂಪುಟ ಭಾವನ ಮನೆಗೆ ಹೋಯಿತು. “ಎಷ್ಟು ಭಾರ ಇರ್ತದೋ ಏನೋ” ಎಂದಷ್ಟೇ ಹೇಳಿ ಮುಂದೆ ನಡೆದರು. ಅವರ ಮುಖದಲ್ಲಿ ದೂರೇನೂ ಇರಲಿಲ್ಲ, ನನಗೇ ಏನು ಹೇಳಬೇಕೋ ತೋಚಲಿಲ್ಲ.

ಎರಕದ ತರಗತಿಯಲ್ಲಿ ಮಕ್ಕಳ ಮುಂದೆ ರಬ್ಬರಿನ ಅಚ್ಚುಗಳನ್ನು ಹರಡಿದ್ದರು. ಡೈನೋಸಾರಿನ ಉಗುರು, ಹಲ್ಲು, ಅಮೋನೈಟ್ ಹೀಗೆ. ಉಗುರಿನತ್ತ ಚಾಚಿದ್ದ ಕೈಯನ್ನು ಹಿಂದೆಗೆದು, ಅಜ್ಜಿಯನ್ನೊಮ್ಮೆ ನೋಡಿ, ಮಗ ಅಮೋನೈಟಿನ ಅಚ್ಚನ್ನು ಎತ್ತಿಕೊಂಡ. ಪ್ಲಾಸ್ಟರ್ ಪುಡಿಗೆ ನೀರು ಬೆರೆಸಿ ಗಂಟಿಲ್ಲದಂತೆ ಕಲಕಬೇಕು. ಅಜ್ಜಿ ಪಕ್ಕದಲ್ಲಿ ನಿಂತು “ಇನ್ನೂ ಸ್ವಲ್ಪ ತಿರುಗಿಸು, ನೀರ್‌ದೋಸೆ ಹಿಟ್ಟು ಅಲ್ಲ, ಉದ್ದಿನ ದೋಸೆಯ ಹದಕ್ಕೆ ಬರಲಿ” ಎಂದು ನಿರ್ದೇಶಿಸುತ್ತಿದ್ದರು. ಹೊಯ್ದು, ಗುಳ್ಳೆ ಏಳಲೆಂದು ಅಚ್ಚನ್ನು ಮೇಜಿಗೆ ಮೆಲ್ಲನೆ ತಟ್ಟಿ ಕಾಯತೊಡಗಿದೆವು. ಸ್ವಲ್ಪ ಹೊತ್ತಿನಲ್ಲಿ ಅಚ್ಚು ಬೆಚ್ಚಗಾಯಿತು. ಒಲೆಯಿಲ್ಲದೆ ಬಿಸಿ ಎಲ್ಲಿಂದ ಬಂತೆಂದು ಅಜ್ಜಿಯೂ ಮೊಮ್ಮಗನೂ ಒಟ್ಟಿಗೇ ಕೇಳಿದರು. ಪುಡಿ ನೀರನ್ನು ತನ್ನೊಳಗೆ ಕೂಡಿಸಿಕೊಂಡು ಗಟ್ಟಿಯಾಗುವಾಗ ಶಾಖ ಬಿಡುತ್ತದೆ, ಆ ಬಿಸಿ ಆರುವವರೆಗೆ ಬಿಡಿಸಬೇಡಿ ಎಂದು ಕಲಿಸುತ್ತಿದ್ದ ಹುಡುಗಿ ಹೇಳಿದಳು. ಅತ್ತೆ ಅಚ್ಚಿನ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ತೆಗೆಯಲಿಲ್ಲ.

ಮಗನಿಗೆ ಅಷ್ಟು ತಾಳ್ಮೆ ಎಲ್ಲಿಯದು? ನಾನು ಕೈಚೀಲದಲ್ಲಿ ಏನೋ ಹುಡುಕುತ್ತಿದ್ದಾಗ ಅಚ್ಚನ್ನು ಮಡಚಿ ಎರಕವನ್ನು ಎಳೆದುಬಿಟ್ಟ. ಅದು ಮೂರು ತುಂಡಾಯಿತು. ಅವನ ಕಣ್ಣು ತುಂಬಿಕೊಂಡವು. ಸಾಲಿಗ್ರಾಮಕ್ಕೆ ಒಡೆದ ದೋಷ ಇಲ್ಲ, ತುಂಡಾದರೂ ಪೂಜೆಗೆ ಬರ್ತದೆ ಎಂದು ಅಜ್ಜಿ ಸಮಾಧಾನ ಮಾಡಿದರೆ, ಆ ಹುಡುಗಿ ಬೇರೆ ಉಪಾಯ ಮಾಡಿದಳು. ಮೈಗೆ ಕವಚವಿದ್ದ ನೋಡೊಸಾರ್ ಎಂಬ ಡೈನೋಸಾರನ್ನು ಸರಿಯಾಗಿ ನೋಡಿದೆಯಾ, ಅದರ ಮೈಮೇಲಿನ ಬಿರುಕುಗಳನ್ನು ಹುಡುಕಿಕೊಂಡು ಬಾ ಎಂದಳು.

ಬೆಳಿಗ್ಗೆ ನಾವು ಅದರ ಮುಂದೆಯೇ ಓಡಿಹೋಗಿದ್ದೆವು. ಬೊರಿಯಲೊಪೆಲ್ಟಾ ಎಂಬ ಈ ಪ್ರಾಣಿಯದು ಬರಿಯ ಎಲುಬಲ್ಲ, ಚರ್ಮ, ಕವಚ, ಮುಳ್ಳು ಎಲ್ಲ ಇದ್ದ ಜಾಗದಲ್ಲೇ ಕಲ್ಲಾಗಿವೆ. ಸುಮ್ಮನೆ ಮಲಗಿದ್ದು ಇನ್ನೇನು ಏಳುತ್ತದೆಯೇನೋ ಅನ್ನಿಸುತ್ತದೆ. 2011ರ ಮಾರ್ಚಿನಲ್ಲಿ ಉತ್ತರ ಆಲ್ಬರ್ಟಾದ ತೈಲಮರಳಿನ ಗಣಿಯಲ್ಲಿ ಅಗೆಯುವ ಯಂತ್ರ ನಡೆಸುತ್ತಿದ್ದ ಶಾನ್ ಫಂಕ್ ಅವರಿಗೆ ಕಲ್ಲಿನ ಬಣ್ಣ ವಿಚಿತ್ರವಾಗಿ ಕಂಡು ಕೆಲಸ ನಿಲ್ಲಿಸಿದರು. ಸುಮಾರು 11 ಕೋಟಿ ವರ್ಷಗಳ ಹಿಂದೆ ಸತ್ತು, ಸಮುದ್ರಕ್ಕೆ ತೇಲಿಹೋಗಿ, ಬೆನ್ನಡಿಯಾಗಿ ಮುಳುಗಿದ್ದ ಸಸ್ಯಾಹಾರಿ ಅದು. ಮ್ಯೂಸಿಯಮ್ಮಿನವರು ಬಂದು ಬಂಡೆಯನ್ನು ಮೇಲೆತ್ತುತ್ತಿರುವಾಗ ಅದು ತನ್ನ ಭಾರಕ್ಕೆ ತಾನೇ ಒಡೆದು ತುಂಡುತುಂಡಾಯಿತು. ಆ ತುಂಡುಗಳಿಗೆ ಪ್ಲಾಸ್ಟರ್ ಸುತ್ತಿ ತಂದು, ಮಾರ್ಕ್ ಮಿಚೆಲ್ ಎಂಬ ತಂತ್ರಜ್ಞರು ಐದು ವರ್ಷಕ್ಕೂ ಮಿಕ್ಕಿ, 7,000 ಗಂಟೆಗೂ ಹೆಚ್ಚು ಕಾಲ ಕುಳಿತು ಕಲ್ಲನ್ನು ಚೂರುಚೂರೇ ಕೆರೆದು ಪ್ರಾಣಿಯನ್ನು ಬಿಡಿಸಿದರು. 2017ರಲ್ಲಿ ಅದಕ್ಕೆ ಪೂರ್ಣ ಹೆಸರಿಡುವಾಗ ಮಾರ್ಕ್‌ಮಿಚೆಲ್ಲಿ ಎಂದು ಅವರ ಹೆಸರನ್ನೇ ಸೇರಿಸಿದ್ದಾರೆ.

“ಏಳು ಸಾವಿರ ಗಂಟೆ ಅಂದ್ರೆ ಎಷ್ಟು ದಿನ ಅಜ್ಜಿ?” ಎಂದು ಮಗ ಕೇಳಿದ. ದಿನಕ್ಕೆ ಎಂಟು ಗಂಟೆಯಂತೆ ಬೆರಳ ಗೆಣ್ಣುಗಳಲ್ಲೇ ಎಣಿಸಿ, 875 ದಿನ ಎಂದರು ಅತ್ತೆ. ಆಮೇಲೆ ಕೆಲಸದ ಕೋಣೆಯ ಗಾಜಿನ ಕಿಟಕಿಯ ಬಳಿ ಬಂದೆವು. ಒಳಗೊಬ್ಬರು ಪೆನ್ನಿನಷ್ಟು ಸಣ್ಣ ಉಪಕರಣ ಹಿಡಿದು ಕಲ್ಲಿನಿಂದ ಎಲುಬನ್ನು ಬಿಡಿಸುತ್ತಿದ್ದರು. ನಾವು ನಿಂತಿದ್ದ ಕಾಲು ಗಂಟೆಯಲ್ಲಿ ಅವರ ಕೈ ಒಂದು ಸಾಸಿವೆಯಷ್ಟು ಮುಂದೆ ಹೋಗಿದ್ದರೆ ಹೆಚ್ಚು. ನಾನು ಮೂರನೆಯ ನಿಮಿಷಕ್ಕೇ ಫೋನ್ ತೆಗೆದಿದ್ದೆ. ಮೊರದಲ್ಲಿ ಅಕ್ಕಿಯ ಕಲ್ಲು ಆರಿಸಿ ಪಳಗಿದ ಅತ್ತೆ ಮಾತ್ರ ಕಣ್ಣು ಕೀಳಲಿಲ್ಲ, ಅವರ ಕೈ ಹಿಡಿದು ನಿಂತಿದ್ದ ಮಗನೂ ಕೀಳಲಿಲ್ಲ.

ಮನೆಗೆ ಬಂದ ಮೇಲೆ ತುಂಡುಗಳಿಗೆ ಅಂಟು ಹಾಕಲು ಅವನು ಒಪ್ಪಲಿಲ್ಲ. ಪೆನ್ಸಿಲಿನಲ್ಲಿ 1, 2, 3 ಎಂದು ಬರೆದು, ನೋಟ್‌ಪುಸ್ತಕದಲ್ಲಿ ಮೂರರ ಚಿತ್ರವನ್ನೂ ಬಿಡಿಸಿಕೊಂಡ. ಏಪ್ರಿಲ್‌ನಲ್ಲಿ ಅತ್ತೆ ಊರಿಗೆ ಹೊರಟಾಗ, ಸುರುಳಿಯ ನಡುವಿನ ತುಂಡನ್ನು ತನಗೆ ಕೊಡು ಮಾಣಿ ಎಂದು ಕೇಳಿದರು. ಆಲ್ಬರ್ಟಾದ ಪಳೆಯುಳಿಕೆಯನ್ನು ಸರ್ಕಾರದ ಅನುಮತಿಯಿಲ್ಲದೆ ಪ್ರಾಂತ್ಯದಾಚೆ ಒಯ್ಯುವಂತಿಲ್ಲ ಎಂಬ ಕಾನೂನನ್ನು ಅವನು ಮ್ಯೂಸಿಯಮ್ಮಿನಲ್ಲಿ ತಿಳಿದುಕೊಂಡಿದ್ದ. ಅಜ್ಜಿಯನ್ನು ವಿಮಾನ ನಿಲ್ದಾಣದಲ್ಲಿ ಹಿಡಿದರೆ ಏನು ಗತಿ ಎಂದು ರಾತ್ರಿಯೆಲ್ಲ ಚಿಂತೆ ಮಾಡಿದ. ಇದು ಎರಕ ಕಣೋ, ಪಳೆಯುಳಿಕೆಯಲ್ಲ ಎಂದು ಅವನಪ್ಪ ಹತ್ತು ಸಲ ಹೇಳಬೇಕಾಯಿತು.

ಅತ್ತೆ ಅದನ್ನು ಹತ್ತಿಯಲ್ಲಿ ಸುತ್ತಿ, ಕುಂಕುಮದ ಡಬ್ಬಿಯ ಪಕ್ಕ ಕೈಚೀಲದಲ್ಲೇ ಇಟ್ಟುಕೊಂಡರು. ಮಗನ ನೋಟ್‌ಪುಸ್ತಕದಲ್ಲಿ ಎರಡನೆಯ ತುಂಡಿನ ಚಿತ್ರದ ಕೆಳಗೆ ಅವನ ಸೊಟ್ಟ ಕನ್ನಡದಲ್ಲಿ ಈಗಲೂ ಹೀಗಿದೆ: ‘ಸಂಖ್ಯೆ 2. ಅಜ್ಜಿಯ ಹತ್ತಿರ, ಉಡುಪಿ. ಎರವಲು.’