ಕಪಾಟಿನಲ್ಲೇ ಇದ್ದ ಡೈರಿ

ರಾತ್ರಿ ಸುಮ್ನೆ ಓದುತ್ತಾ ಕೂತಿದ್ದಾಗ ಆಗ ಅಮೆರಿಕದ ಅಧ್ಯಕ್ಷರಾಗಿದ್ದ ಹ್ಯಾರಿ ಟ್ರೂಮನ್ ಅವರ 1947ರ ಡೈರಿಯ ಕಥೆ ಸಿಕ್ಕಿತು. ಮಿಸೂರಿಯ ಇಂಡಿಪೆಂಡೆನ್ಸ್ ಊರಿನಲ್ಲಿ ಅವರ ಹೆಸರಿನ ಲೈಬ್ರರಿ ಇದೆ, ಕಾಗದಪತ್ರವೆಲ್ಲ ಅಲ್ಲೇ. ಈ ಡೈರಿಯೂ ಅಲ್ಲೇ ಪುಸ್ತಕಗಳ ಮಧ್ಯೆ ವರ್ಷಗಟ್ಟಲೆ ಕೂತಿತ್ತು, ಯಾರಿಗೂ ಗೊತ್ತಾಗಲಿಲ್ಲ, ಯಾಕಂದ್ರೆ ಅದು ನ್ಯೂಯಾರ್ಕಿನ ರಿಯಲ್ ಎಸ್ಟೇಟ್ ಸಂಘದವರು ಅಚ್ಚು ಹಾಕಿಸಿದ ಡೈರಿ, ಮೊದಲ ಪುಟಗಳಲ್ಲೆಲ್ಲ ಬರೀ ಆ ಸಂಘದ ವಿವರ. ಹೊಸ ವರ್ಷಕ್ಕೆ ಪುಕ್ಕಟೆ ಬರುವ ಡೈರಿಯನ್ನು ಯಾರು ತಾನೇ ಕೊನೆಯವರೆಗೆ ತಿರುವಿ ನೋಡುತ್ತಾರೆ? 2003ರಲ್ಲಿ ಕೊನೆಗೂ ಒಬ್ಬರು ನೋಡಿದರು!

ಒಳಗೆ ಏನಿತ್ತು ಅಂದ್ರೆ, ಒಬ್ಬಂಟಿಯಾಗಿರುವಾಗ ವೈಟ್ ಹೌಸ್ ದೊಡ್ಡ ಬಿಳಿ ಜೈಲು ಅನ್ನುವ ಗೊಣಗಾಟ, ರಾತ್ರಿ ಇಡೀ ನೆಲ ಕಿರ್ರ್ ಅನ್ನುವ ವಿಷಯ. ಆಗಿನ ಸೇನಾ ಮುಖ್ಯಸ್ಥ ಐಸೆನ್‌ಹೋವರ್ ಅಧ್ಯಕ್ಷ ಸ್ಥಾನಕ್ಕೆ ನಿಂತರೆ ತಾನು ಉಪಾಧ್ಯಕ್ಷನಾಗಲು ರೆಡಿ ಅಂತಲೂ ಇದೆ. ಓದಿ ನಗು ಬಂತು.

ಆಮೇಲೆ ಜುಲೈ ತಿಂಗಳ ಒಂದು ಪುಟ. ಯಹೂದಿಗಳು ಸ್ವಾರ್ಥಿಗಳು ಅಂತ ಸಿಟ್ಟಿನಲ್ಲಿ ಗೀಚಿದ್ದಾರೆ, ಓದೋಕೆ ಕಸಿವಿಸಿ ಆಗುತ್ತದೆ. ಆದರೆ ಮುಂದಿನ ವರ್ಷ ಮೇ ತಿಂಗಳಲ್ಲಿ, ಯಹೂದಿಗಳ ದೇಶ ಇಸ್ರೇಲ್ ಹುಟ್ಟಿದ 11 ನಿಮಿಷಕ್ಕೇ ಅದಕ್ಕೆ ಮಾನ್ಯತೆ ಕೊಟ್ಟವರೂ ಇವರೇ ಅಲ್ವಾ?